2004ರ ಕ್ಯಾಮ್ರಿ: ಮನೆಯಲ್ಲೇ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ದಾಖಲೆ

ನ್ಯೂಜೆರ್ಸಿಯ ನಮ್ಮ ಮನೆಯ ಗ್ಯಾರೇಜಿನಲ್ಲಿ ಒಂದೇ ಶನಿವಾರದಲ್ಲಿ ಮುಗಿಯಬೇಕಾಗಿದ್ದ ಈ ಕೆಲಸ ಐದು ವಾರ ಹಿಡಿಯಿತು. ಅದರಲ್ಲಿ ನಾಲ್ಕು ವಾರ ನಾನು ಬೇಕೆಂದೇ ಕೊಟ್ಟ ಅಂತರ, ಉಳಿದ ಒಂದು ವಾರ ನನ್ನ ತಪ್ಪಿನಿಂದ ಹೋದದ್ದು. ಕಾರು 2004ರ ಟೊಯೋಟ ಕ್ಯಾಮ್ರಿ. 2.4 ಲೀಟರ್ ಪೆಟ್ರೋಲ್ ಎಂಜಿನ್ನು, ಯು241ಇ ಎಂಬ ನಾಲ್ಕು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಓಡಿದ್ದು 1,62,000 ಮೈಲಿ, ಅಂದರೆ ಸುಮಾರು 2,60,000 ಕಿಲೋಮೀಟರ್. 2011ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ನಂತರ ಗೇರ್‌ಬಾಕ್ಸ್ ಆಯಿಲನ್ನು ಒಮ್ಮೆ ಮಾತ್ರ, ಅದೂ ಆಯಿಲ್ ಇಳಿಸಲು ತಳದಲ್ಲಿರುವ ಡ್ರೈನ್ ಬೋಲ್ಟಿನಿಂದ ಬಂದಷ್ಟನ್ನು ಮಾತ್ರ ಬದಲಿಸಿದ್ದೆ. ಫಿಲ್ಟರನ್ನು ಯಾರೂ ಮುಟ್ಟಿದಂತಿರಲಿಲ್ಲ.

ಗೇರ್ ಬೀಳುವುದರಲ್ಲಿ ದೊಡ್ಡ ತೊಂದರೆಯೇನೂ ಇರಲಿಲ್ಲ. ಬೆಳಗಿನ ಚಳಿಯಲ್ಲಿ ಪಾರ್ಕ್‌ನಿಂದ ಡ್ರೈವ್‌ಗೆ ಹಾಕಿದಾಗ ಗೇರ್ ಹಿಡಿಯಲು ಒಂದು ಕ್ಷಣ ಹೆಚ್ಚಿಗೆ ಬೇಕಾಗುತ್ತಿತ್ತು, ಅಷ್ಟೆ. ಆಯಿಲಿನ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನಿಂದ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ನೋಡಿದಾಗ, ಹೊಸ ಆಯಿಲಿನ ದಾಳಿಂಬೆ ಕೆಂಪಿನ ಬದಲು ಹಳೆಯ ಕಾಫಿ ಡಿಕಾಕ್ಷನ್ನಿನ ಬಣ್ಣ ಕಂಡಿತು. ಸುಟ್ಟ ವಾಸನೆ ಇರಲಿಲ್ಲ. ಸುಟ್ಟ ವಾಸನೆ ಇದ್ದು ಗೇರು ಜಾರುತ್ತಿದ್ದರೆ ಈ ಕೆಲಸಕ್ಕೆ ನಾನು ಕೈಹಾಕುತ್ತಿರಲಿಲ್ಲ, ಏಕೆಂದರೆ ಒಳಗಿನ ಕ್ಲಚ್ ಪ್ಲೇಟುಗಳು ಸವೆದು ಹೋಗಿದ್ದರೆ ಹೊಸ ಆಯಿಲ್ ಅವನ್ನು ಸರಿಮಾಡುವುದಿಲ್ಲ. ಹತ್ತಿರದ ಒಂದು ವರ್ಕ್‌ಶಾಪಿನಲ್ಲಿ ವಿಚಾರಿಸಿದ್ದೆ. ಯಂತ್ರದಿಂದ ಇಡೀ ಆಯಿಲನ್ನು ಬದಲಿಸಲು 290 ಡಾಲರ್ ಹೇಳಿದರು, ಆದರೆ ಪ್ಯಾನು (ಗೇರ್‌ಬಾಕ್ಸಿನ ತಳದಲ್ಲಿ ಆಯಿಲ್ ನಿಲ್ಲುವ ಲೋಹದ ಮುಚ್ಚಳ) ಬಿಚ್ಚುವುದಿಲ್ಲ, ಫಿಲ್ಟರ್ ಬದಲಿಸುವುದಿಲ್ಲ ಎಂದರು. ನನಗೆ ಬೇಕಾಗಿದ್ದುದೇ ಪ್ಯಾನಿನ ಒಳಗೇನಿದೆ ಎಂದು ನೋಡುವುದು.

ಸೆಪ್ಟೆಂಬರ್ 28: ಸಾಮಾನು ಕೊಂಡದ್ದು

ಈ ಗೇರ್‌ಬಾಕ್ಸಿಗೆ ಟೊಯೋಟ ಹೇಳಿರುವ ಆಯಿಲ್ ಟೈಪ್ ಟಿ-4. ಅಂಗಡಿಯಲ್ಲಿ ಅದರ ಪಕ್ಕದಲ್ಲೇ ಡಬ್ಲ್ಯುಎಸ್ ಎಂಬ ಆಯಿಲಿನ ಬಾಟಲಿಗಳೂ ಇರುತ್ತವೆ, ಬಾಟಲಿಯ ಆಕಾರವೂ ಒಂದೇ ರೀತಿ ಇರುತ್ತದೆ. ಅದು ನಂತರದ ಗೇರ್‌ಬಾಕ್ಸುಗಳಿಗೆ ಮಾಡಿದ, ಇದಕ್ಕಿಂತ ತೆಳುವಾದ ಆಯಿಲ್. ಒಂದರ ಬದಲು ಇನ್ನೊಂದನ್ನು ಹಾಕುವಂತಿಲ್ಲ. ಡಿಪ್‌ಸ್ಟಿಕ್ಕಿನ ಮೇಲೆ ಕೆತ್ತಿರುವ ಹೆಸರನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡು ಹೋಗಿ, ಅದರೊಡನೆ ತಾಳೆ ನೋಡಿ ಟಿ-4 ಆಯಿಲನ್ನೇ 12 ಕ್ವಾರ್ಟ್ ಕೊಂಡೆ. ಒಂದು ಕ್ವಾರ್ಟ್ ಎಂದರೆ 946 ಮಿಲಿಲೀಟರ್, ಆದ್ದರಿಂದ ಒಟ್ಟು 11.35 ಲೀಟರ್ ಆಯಿತು.

ಫಿಲ್ಟರಿನ ಕಿಟ್ಟಿನಲ್ಲಿ ಒಂದು ಫಿಲ್ಟರ್ ಮತ್ತು ಸೋರದಂತೆ ಪ್ಯಾನಿನ ಅಂಚಿಗೆ ಕೂರಿಸುವ ಕಾರ್ಕಿನ ಗ್ಯಾಸ್ಕೆಟ್ ಇದ್ದವು. ಇವುಗಳ ಜೊತೆಗೆ ಡ್ರೈನ್ ಬೋಲ್ಟಿಗೆ ಮೂರು ಹೊಸ ವಾಷರ್, 10 ಮಿಲಿಮೀಟರಿನ ಅಲೆನ್ ಸಾಕೆಟ್, ಉದ್ದ ಕೊಳವೆಯ ಆಲಿಕೆ ಕೊಂಡೆ. ಬೋಲ್ಟುಗಳನ್ನು ಹೇಳಿದಷ್ಟೇ ಬಿಗಿಗೆ ಅಳೆದು ಬಿಗಿಯುವ ಟಾರ್ಕ್ ರೆಂಚ್ ನನ್ನ ಬಳಿ ಇದೆ ಎಂದುಕೊಂಡೆ. ಇದ್ದದ್ದು ಚಕ್ರದ ನಟ್ಟುಗಳಿಗೆ ಬಳಸುವ ಅರ್ಧ ಇಂಚಿನ ದೊಡ್ಡ ರೆಂಚ್. ಅದರ ಅಳತೆ ಶುರುವಾಗುವುದೇ 10 ಪೌಂಡ್-ಅಡಿಯಿಂದ. ಇದನ್ನು ಅಂದೇ ಗಮನಿಸಿದ್ದರೆ ಒಂದು ವಾರ ಉಳಿಯುತ್ತಿತ್ತು.

ಅಕ್ಟೋಬರ್ 5, ಶನಿವಾರ ಬೆಳಿಗ್ಗೆ: ಆಯಿಲ್ ಇಳಿಸಿದ್ದು

ಎಲ್ಲಕ್ಕಿಂತ ಮೊದಲು ಡಿಪ್‌ಸ್ಟಿಕ್ ಇರುವ ಕೊಳವೆ ಸಲೀಸಾಗಿದೆಯೇ, ಆಲಿಕೆ ಅದರೊಳಗೆ ಇಳಿಯುತ್ತದೆಯೇ ಎಂದು ನೋಡಿಕೊಂಡೆ. ಹೊಸ ಆಯಿಲ್ ಹಾಕಲು ಇರುವ ದಾರಿ ಅದೊಂದೇ, ಹಾಗಾಗಿ ಅದು ಖಚಿತವಾಗದೆ ಹಳೆಯದನ್ನು ಇಳಿಸಬಾರದು. ನಂತರ ಹದಿನೈದು ನಿಮಿಷ ಕಾರು ಓಡಿಸಿ ಬಂದು, ಗ್ಯಾರೇಜಿನ ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಮುಂಭಾಗವನ್ನು ಎತ್ತಿ ಎರಡೂ ಕಡೆ ಜ್ಯಾಕ್ ಸ್ಟ್ಯಾಂಡ್ ಇಟ್ಟೆ. ಕೆಳಗೆ ತೂರುವ ಮುಂಚೆ ಕಾರನ್ನು ಎರಡು ಕೈಯಿಂದ ಜೋರಾಗಿ ಅಲುಗಾಡಿಸಿ ನೋಡಿದೆ. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಮಲಗುವವರನ್ನು ನಾನು ಊರಿನಲ್ಲಿಯೂ ಇಲ್ಲಿಯೂ ನೋಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಮುಕ್ಕಾಲು ಗಂಟೆ ತಣಿಯಲು ಬಿಟ್ಟ ನಂತರ ಡ್ರೈನ್ ಬೋಲ್ಟ್ ಬಿಚ್ಚಿದೆ. ಅದು ಒಂದೇ ಪಟ್ಟಿಗೆ ಬಂದಿತು. ಆಯಿಲ್ ಬೆರಳಿನ ದಪ್ಪದ ಧಾರೆಯಾಗಿ ಸುರಿದು, ಹತ್ತು ನಿಮಿಷದಲ್ಲಿ ಹನಿಯಾಯಿತು. ಇದನ್ನೆಲ್ಲ ಹಾಲಿನ ಖಾಲಿ ಕ್ಯಾನುಗಳಿಗೆ ತುಂಬಿಟ್ಟು, ಮರುದಿನ ತಣ್ಣಗಾದ ಮೇಲೆ ಅಳೆಯಲು ನಿರ್ಧರಿಸಿದೆ. ಬಿಸಿ ಆಯಿಲ್ ಹಿಗ್ಗಿರುವುದರಿಂದ, ಬಿಸಿ ಇರುವಾಗ ಅಳೆದು ಅಷ್ಟೇ ತಣ್ಣನೆಯ ಆಯಿಲನ್ನು ತುಂಬಿದರೆ ಲೆಕ್ಕ ತಪ್ಪುತ್ತದೆ.

ಅದೇ ದಿನ ಮಧ್ಯಾಹ್ನ: ಪ್ಯಾನು ಬಿಚ್ಚಿದ್ದು, ಮೊದಲ ತಪ್ಪು

ಪ್ಯಾನಿನ ಸುತ್ತ 18 ಸಣ್ಣ ಬೋಲ್ಟುಗಳಿವೆ. ಎಲ್ಲದರ ತಲೆಯೂ 10 ಮಿಲಿಮೀಟರ್. ಡ್ರೈನ್ ಬೋಲ್ಟಿನಿಂದ ಎಲ್ಲವೂ ಇಳಿದುಹೋಗುವುದಿಲ್ಲ, ಪ್ಯಾನಿನ ತಳದಲ್ಲಿ ಒಂದಷ್ಟು ಆಯಿಲ್ ನಿಂತೇ ಇರುತ್ತದೆ. ಆದ್ದರಿಂದ ಒಂದು ಬದಿಯ ಬೋಲ್ಟುಗಳನ್ನು ಪೂರ್ತಿ ತೆಗೆದು, ಎದುರು ಬದಿಯ ಎರಡು ಮೂರನ್ನು ಸಡಿಲ ಮಾತ್ರ ಮಾಡಿ, ಪ್ಯಾನು ಒಂದು ಕಡೆಗೆ ವಾಲುವಂತೆ ಮಾಡಿ ಬಗ್ಗಿಸಿಕೊಳ್ಳಬೇಕು. ಇದು ನನಗೆ ಗೊತ್ತಿತ್ತು. ಆದರೂ ಹಳೆಯ ಗ್ಯಾಸ್ಕೆಟ್ ಗಟ್ಟಿಯಾಗಿ ಅಂಟಿಕೊಂಡು ಪ್ಯಾನು ಅಲುಗಾಡದೇ ಇದ್ದುದರಿಂದ, ಉಳಿಸಿಕೊಳ್ಳಬೇಕಾಗಿದ್ದ ಬೋಲ್ಟುಗಳನ್ನೂ ಒಂದೊಂದಾಗಿ ಬಿಚ್ಚುತ್ತಾ ಹೋಗಿ ಕೊನೆಗೆ ಒಂದನ್ನು ಮಾತ್ರ ಬಿಟ್ಟೆ. ಪ್ಲಾಸ್ಟಿಕ್ಕಿನ ಚಪ್ಪಟೆ ಪಟ್ಟಿಯಿಂದ ಅಂಚನ್ನು ಮೀಟಿದ ಕೂಡಲೇ ಪ್ಯಾನು ಆ ಒಂದೇ ಬೋಲ್ಟಿನ ಸುತ್ತ ಗಿರಕಿ ಹೊಡೆದು, ಒಳಗಿದ್ದ ಆಯಿಲ್ ಕೆಳಗೆ ಇಟ್ಟಿದ್ದ ತಟ್ಟೆಯ ಹೊರಗೆ, ನೆಲದ ಮೇಲೆ ಮತ್ತು ನನ್ನ ಎಡ ತೋಳಿನ ಮೇಲೆ ಚೆಲ್ಲಿತು. ಕನ್ನಡಕ ಹಾಕಿದ್ದರಿಂದ ಕಣ್ಣಿಗೆ ಬೀಳಲಿಲ್ಲ.

ನೆಲದ ಮೇಲೆ ಬೆಕ್ಕಿನ ಮಣ್ಣನ್ನು (ಸಾಕಿದ ಬೆಕ್ಕಿನ ಮಲಮೂತ್ರಕ್ಕೆ ಇಡುವ, ಒದ್ದೆ ಹೀರುವ ಮಣ್ಣು) ಹರಡಿ ಆಯಿಲ್ ಹೀರಿಸಿದೆ. ಚೆಲ್ಲಿದ್ದು ಎಷ್ಟು ಎಂದು ತಿಳಿಯುವ ದಾರಿ ಹೋಯಿತು. ಇದರ ಪರಿಣಾಮ ಒಂದು ವಾರದ ನಂತರ ಕಾಣಿಸಿಕೊಂಡಿತು.

ಪ್ಯಾನಿನ ಒಳಗಿನ ಮ್ಯಾಗ್ನೆಟ್ಟುಗಳನ್ನು ಹೊರತೆಗೆದು ಬೆಳಕಿಗೆ ಹಿಡಿದು ನೋಡಿದೆ. ಅವುಗಳ ಮೇಲೆ ಎರಡು ಮಿಲಿಮೀಟರ್ ದಪ್ಪದ ಬೂದು ಬಣ್ಣದ ಕೆಸರು ಮುಳ್ಳುಮುಳ್ಳಾಗಿ ನಿಂತಿತ್ತು. ಬೆರಳಿಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಉಜ್ಜಿದಾಗ ಕಾಡಿಗೆಯಷ್ಟು ನುಣುಪಾಗಿತ್ತು, ಎಲ್ಲಿಯೂ ಹರಳಿನಂತೆ ಒತ್ತಲಿಲ್ಲ. ಇದು ಇಷ್ಟು ವರ್ಷದ ಸಹಜ ಸವೆತ. ಹೊಳೆಯುವ ಲೋಹದ ಚೂರುಗಳೋ ಕ್ಲಚ್ ಪ್ಲೇಟಿನ ಕಪ್ಪು ಸಿಪ್ಪೆಗಳೋ ಸಿಕ್ಕಿದ್ದರೆ ಗೇರ್‌ಬಾಕ್ಸಿನ ಆಯಸ್ಸು ಮುಗಿಯುತ್ತಿದೆ ಎಂದರ್ಥ. ಆ ಒಂದು ನಿಮಿಷದ ನೆಮ್ಮದಿಗಾಗಿಯೇ ನಾನು ಪ್ಯಾನು ಬಿಚ್ಚುವ ಹಟ ಹಿಡಿದದ್ದು, ಮತ್ತು ಇಡೀ ಕೆಲಸದಲ್ಲಿ ಅತ್ಯಂತ ಬೆಲೆಬಾಳುವ ಮಾಹಿತಿ ಅದೇ ಎಂದು ಈಗಲೂ ಹೇಳುತ್ತೇನೆ.

ಫಿಲ್ಟರ್ ಮೂರು ಬೋಲ್ಟುಗಳಿಂದ ಕೂತಿದೆ. ಬಿಚ್ಚಿದಾಗ ಅದರೊಳಗಿನಿಂದಲೂ ಒಂದಷ್ಟು ಆಯಿಲ್ ಸುರಿಯುತ್ತದೆ, ತಟ್ಟೆಯನ್ನು ತೆಗೆದಿರಬಾರದು. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಬೋಲ್ಟಿನ ರಂಧ್ರಗಳು, ಬಾಯಿಯ ಜಾಗ, ಎತ್ತರ ಎಲ್ಲವೂ ಒಂದೇ ಇವೆ ಎಂದು ನೋಡಿಕೊಂಡು ಹೊಸದನ್ನು ಕೂರಿಸಿದೆ.

ಪ್ಯಾನನ್ನು ಬ್ರೇಕ್ ಕ್ಲೀನರ್‌ನಿಂದ ತೊಳೆದು ಮೊದಲು ಅಡುಗೆಮನೆಯ ಕಾಗದದ ಟವೆಲಿನಿಂದ ಒರೆಸಿದೆ. ಬೆಳಕಿಗೆ ಹಿಡಿದಾಗ ಒಳಗೆಲ್ಲ ಸಣ್ಣ ಎಳೆಗಳು ಅಂಟಿಕೊಂಡಿದ್ದವು. ಈ ಎಳೆಗಳು, ಗೇರ್ ಬದಲಿಸಲು ಆಯಿಲನ್ನು ಬೇಕಾದ ಕಡೆಗೆ ಹರಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳಿಗೆ ಹೋಗಬಾರದು. ಮತ್ತೆ ತೊಳೆದು, ಕಾಫಿ ಸೋಸುವ ಕಾಗದದಿಂದ ಒರೆಸಿದೆ. ಅದು ಎಳೆ ಬಿಡುವುದಿಲ್ಲ, ಬೆಲೆಯೂ ಕಡಿಮೆ.

ಅದೇ ದಿನ ಸಂಜೆ: ಬೋಲ್ಟ್ ಮುರಿದದ್ದು

ಇಡೀ ಕೆಲಸದ ದೊಡ್ಡ ತಪ್ಪು ಇದು, ಹಾಗಾಗಿ ವಿವರವಾಗಿ ಬರೆಯುತ್ತೇನೆ.

ಪ್ಯಾನಿನ ಬೋಲ್ಟುಗಳಿಗೆ ಹೇಳಿರುವ ಬಿಗಿ 7.8 ನ್ಯೂಟನ್ ಮೀಟರ್, ಅಂದರೆ 69 ಪೌಂಡ್-ಅಂಗುಲ. ಹನ್ನೆರಡರಿಂದ ಭಾಗಿಸಿದರೆ ಆರು ಪೌಂಡ್-ಅಡಿಗೂ ತುಸು ಕಡಿಮೆ. ನನ್ನ ರೆಂಚ್ ಅಳೆಯುವ ಅತಿ ಕಡಿಮೆ ಬಿಗಿ 10 ಪೌಂಡ್-ಅಡಿ. 'ಆರಕ್ಕೂ ಹತ್ತಕ್ಕೂ ಅಂಥ ವ್ಯತ್ಯಾಸವೇನು' ಎಂದುಕೊಂಡು ರೆಂಚನ್ನು ಹತ್ತಕ್ಕೆ ಇಟ್ಟೆ. ಈ ತೀರ್ಮಾನದಲ್ಲಿ ಎರಡು ತಪ್ಪುಗಳಿದ್ದವು. ಹತ್ತು ಪೌಂಡ್-ಅಡಿ ಎಂದರೆ 13.6 ನ್ಯೂಟನ್ ಮೀಟರ್, ಬೇಕಾದದ್ದಕ್ಕಿಂತ ಮುಕ್ಕಾಲು ಪಾಲು ಹೆಚ್ಚು. ಅಲ್ಲದೆ ಅಷ್ಟು ಉದ್ದದ ರೆಂಚ್ ತನ್ನ ಅಳತೆಯ ತಳದಲ್ಲಿ ಮಾಡುವ 'ಕಟಕ್' ಎಷ್ಟು ಮೆದುವಾಗಿರುತ್ತದೆಂದರೆ, ಕಾರಿನ ಕೆಳಗೆ ಅಂಗಾತ ಮಲಗಿ ತೋಳು ಚಾಚಿ ಹಿಡಿದವನ ಕೈಗೆ ಅದು ತಿಳಿಯುವುದೇ ಇಲ್ಲ.

ಇದರ ಜೊತೆಗೆ ಕಿಟ್ಟಿನಲ್ಲಿ ಬಂದ ಕಾರ್ಕಿನ ಗ್ಯಾಸ್ಕೆಟ್ ಬಿಗಿದಷ್ಟೂ ಕುಗ್ಗುತ್ತಿತ್ತು. ಒಂದು ಸುತ್ತು ಮುಗಿಸಿ ಮೊದಲ ಬೋಲ್ಟಿಗೆ ಬಂದರೆ ಅದು ಮತ್ತೆ ಸಡಿಲವಾಗಿರುತ್ತಿತ್ತು. ಇನ್ನೊಂದು ಸುತ್ತು ಬಿಗಿದೆ. ಮೂರನೆಯ ಸುತ್ತಿನಲ್ಲಿ, ಹದಿಮೂರನೆಯ ಬೋಲ್ಟಿನ ಮೇಲೆ ರೆಂಚ್ ತಿರುಗುತ್ತಾ ಇದ್ದಂತೆ ಬಿಗಿ ಹೆಚ್ಚಾಗುವ ಬದಲು ಬೆಣ್ಣೆಯಲ್ಲಿ ತಿರುಗಿದಂತೆ ಮೆತ್ತಗಾಯಿತು. ಅಲ್ಲಿಗೇ ನಿಲ್ಲಿಸಬೇಕಿತ್ತು. ಇನ್ನೊಂದು ಕಾಲು ಸುತ್ತು ತಿರುಗಿಸಿದೆ, ತಲೆ ಮುರಿದು ಸಾಕೆಟ್ಟಿನೊಳಗೆ ಉಳಿಯಿತು. ಎದ್ದು ಕೂತು ಸಾಕೆಟ್ಟನ್ನು ಅಂಗೈ ಮೇಲೆ ತಟ್ಟಿದಾಗ ಬಿದ್ದ ಆ ಆರು ಮೂಲೆಯ ತಲೆಯ ಕೆಳಗೆ, ಮುರಿದ ಜಾಗ ಎಳೆದ ಮೇಣದಂತೆ ಸಣ್ಣಗಾಗಿತ್ತು. ಬೋಲ್ಟು ಮುರಿಯುವ ಮುಂಚೆ ಸಾಕಷ್ಟು ಉದ್ದವಾಗಿ ಎಳೆದುಕೊಂಡಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಉಳಿದ 17 ಬೋಲ್ಟುಗಳನ್ನು ಮತ್ತೆ ಬಿಚ್ಚಿ ಪ್ಯಾನು ಇಳಿಸಿದೆ. ಒಳಗೆ ಇನ್ನೂ ಆಯಿಲ್ ತುಂಬಿರಲಿಲ್ಲ ಎಂಬುದೊಂದೇ ಸಮಾಧಾನ. ಮುರಿದ ಬೋಲ್ಟಿನ ತುಂಡು ಗೇರ್‌ಬಾಕ್ಸಿನಿಂದ ಅಂದಾಜು ಎಂಟು ಮಿಲಿಮೀಟರ್ ಹೊರಗೆ ಉಳಿದಿತ್ತು. ಅದನ್ನು ವೈಸ್‌ಗ್ರಿಪ್ಪಿನಿಂದ ಕಚ್ಚಿ ಹಿಡಿದು ನಿಧಾನವಾಗಿ ಎಡಕ್ಕೆ ತಿರುಗಿಸಿದಾಗ ಸಲೀಸಾಗಿ ಬಂದಿತು, ಏಕೆಂದರೆ ತಲೆ ಹೋದ ಮೇಲೆ ಬೋಲ್ಟನ್ನು ಎಳೆದು ಹಿಡಿಯುವ ಬಿಗಿಯೂ ಹೋಗಿರುತ್ತದೆ. ಗೇರ್‌ಬಾಕ್ಸಿನ ಮೈ ಅಲ್ಯೂಮಿನಿಯಂ. ಅದರ ಥ್ರೆಡ್ ಕಿತ್ತುಬಂದಿದ್ದರೆ ಈ ದಾಖಲೆ ಬೇರೆ ರೀತಿ ಇರುತ್ತಿತ್ತು. ಹಳೆಯ ಬೋಲ್ಟೊಂದನ್ನು ಬೆರಳಿನಿಂದಲೇ ತಿರುಗಿಸಿ ನೋಡಿ, ಥ್ರೆಡ್ ಕೆಟ್ಟಿಲ್ಲ ಎಂದು ಖಚಿತಪಡಿಸಿಕೊಂಡೆ.

ಕಾರ್ಕಿನ ಗ್ಯಾಸ್ಕೆಟ್ ಎರಡು ಕಡೆ ಹೊರಗೆ ಉಬ್ಬಿ ಬಿರುಕು ಬಿಟ್ಟಿತ್ತು. ಪ್ಯಾನಿನ ಅಂಚು ಬೋಲ್ಟಿನ ರಂಧ್ರಗಳ ಸುತ್ತ ಗುಳಿಬಿದ್ದಿತ್ತು. ಸ್ಟೀಲಿನ ಪಟ್ಟಿಯನ್ನು ಅಂಚಿನ ಮೇಲೆ ಇಟ್ಟು ಕೆಳಗಿನಿಂದ ಟಾರ್ಚ್ ಹಿಡಿದರೆ ಬೆಳಕು ಎಲ್ಲೆಲ್ಲಿ ತೂರಿ ಬರುತ್ತದೆ ಎಂದು ಸ್ಪಷ್ಟವಾಗಿ ಕಾಣುತ್ತಿತ್ತು. ಪ್ಯಾನನ್ನು ಗಟ್ಟಿ ಮರದ ತುಂಡಿನ ಮೇಲೆ ಬೋರಲು ಹಾಕಿ, ಒಂದೊಂದು ರಂಧ್ರವನ್ನೂ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅಂಚನ್ನು ಮಟ್ಟ ಮಾಡಲು ಒಂದೂವರೆ ಗಂಟೆ ಹಿಡಿಯಿತು.

ಅಕ್ಟೋಬರ್ 6ರಿಂದ 11: ಕಾಯ್ದದ್ದು

ಭಾನುವಾರ ಕ್ಯಾನುಗಳಲ್ಲಿದ್ದ ಆಯಿಲ್ ಅಳೆದೆ. ಸರಿಯಾಗಿ 4 ಲೀಟರ್. ನಂತರ ಟೊಯೋಟದ ಮೂಲ ರಬ್ಬರ್ ಗ್ಯಾಸ್ಕೆಟ್, ಎರಡು ಹೊಸ ಬೋಲ್ಟು, ಮತ್ತು ಪೌಂಡ್-ಅಂಗುಲದಲ್ಲಿ ಅಳೆಯುವ ಕಾಲು ಇಂಚಿನ ಸಣ್ಣ ಟಾರ್ಕ್ ರೆಂಚನ್ನು ತರಿಸಿದೆ. ಮೂಲ ಗ್ಯಾಸ್ಕೆಟ್ಟಿನ ಪ್ರತಿ ರಂಧ್ರದಲ್ಲಿಯೂ ಲೋಹದ ಒಂದು ಸಣ್ಣ ಬಳೆ ಇರುತ್ತದೆ. ಬೋಲ್ಟು ಆ ಬಳೆಯನ್ನು ಒತ್ತಿ ನಿಲ್ಲುವುದರಿಂದ ರಬ್ಬರು ಎಷ್ಟು ಕುಗ್ಗಬೇಕೋ ಅಷ್ಟೇ ಕುಗ್ಗುತ್ತದೆ. ಸ್ವಲ್ಪ ಹಣ ಉಳಿಸಲು ಕಾರ್ಕಿನ ಗ್ಯಾಸ್ಕೆಟ್ ಇರುವ ಕಿಟ್ಟನ್ನೇ ಸಾಕೆಂದುಕೊಂಡದ್ದು ಸರಿಯಾಗಿರಲಿಲ್ಲ.

ಸಾಮಾನು ಗುರುವಾರ ರಾತ್ರಿ ಬಂದಿತು. ಶುಕ್ರವಾರ, ಅಕ್ಟೋಬರ್ 11, ಆಯುಧಪೂಜೆ. ಕಾರು ಇನ್ನೂ ಸ್ಟ್ಯಾಂಡಿನ ಮೇಲಿತ್ತು, ಮುಂದಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುವಂತಿರಲಿಲ್ಲ. ಹೆಂಡತಿ ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಹೊಸ ಟಾರ್ಕ್ ರೆಂಚನ್ನೂ ಉಳಿದ ಸ್ಪ್ಯಾನರುಗಳೊಡನೆ ಮಣೆಯ ಮೇಲೆ ಜೋಡಿಸಿ ಪೂಜೆ ಮಾಡಿದಳು. ಆ ದಿನ ಉಪಕರಣಗಳನ್ನು ಬಳಸುವುದಿಲ್ಲವಾದ್ದರಿಂದ ಕೆಲಸ ಮರುದಿನಕ್ಕೆ ಹೋಯಿತು.

ಅಕ್ಟೋಬರ್ 12, ಶನಿವಾರ, ವಿಜಯದಶಮಿ: ಜೋಡಿಸಿ ತುಂಬಿದ್ದು

ಗ್ಯಾಸ್ಕೆಟ್ ಕೂರುವ ಎರಡೂ ಮೈಗಳನ್ನು ಒಣಗಿಸಿ ಒರೆಸಿ, ಯಾವ ಅಂಟನ್ನೂ ಹಚ್ಚದೆ, 18 ಬೋಲ್ಟುಗಳನ್ನೂ ಮೊದಲು ಬೆರಳಿನಿಂದ ಹಿಡಿಸಿದೆ. ನಂತರ ಎದುರುಬದುರಾಗಿ 40 ಪೌಂಡ್-ಅಂಗುಲಕ್ಕೆ ಒಂದು ಸುತ್ತು, 69ಕ್ಕೆ ಇನ್ನೊಂದು ಸುತ್ತು. ಸಣ್ಣ ರೆಂಚಿನ 'ಕಟಕ್' ಅಂಗೈಗೆ ಚುಚ್ಚಿದಂತೆ ತಿಳಿಯುತ್ತದೆ. ಹೀಗೆ ಬಿಗಿದ ಬೋಲ್ಟನ್ನು ಕೈಯಿಂದ ಮುಟ್ಟಿ ನೋಡಿದರೆ 'ಇಷ್ಟೇ ಸಾಕೇ' ಎಂಬ ಅನುಮಾನ ಖಂಡಿತ ಬರುತ್ತದೆ, ಏಕೆಂದರೆ ಆ ಬಿಗಿ ಅಷ್ಟು ಕಡಿಮೆ. ಅಷ್ಟೇ ಸಾಕು. ಪ್ರತಿ ಬೋಲ್ಟಿನ ತಲೆಯಿಂದ ಪ್ಯಾನಿನವರೆಗೆ ಬಿಳಿ ಬಣ್ಣದ ಗೆರೆ ಎಳೆದೆ, ಮುಂದೆ ಯಾವುದಾದರೂ ಸಡಿಲವಾದರೆ ಗೆರೆ ತಪ್ಪಿರುತ್ತದೆ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ 36 ಪೌಂಡ್-ಅಡಿಗೆ, ಅಂದರೆ 49 ನ್ಯೂಟನ್ ಮೀಟರಿಗೆ ಬಿಗಿದೆ. ಇದಕ್ಕೆ ದೊಡ್ಡ ರೆಂಚ್ ಸರಿಯಾದದ್ದು.

ಈಗ ಮೂರನೆಯ ತಪ್ಪು. ಅಳೆದದ್ದು 4 ಲೀಟರ್, ಚೆಲ್ಲಿದ್ದು ಎಷ್ಟೆಂದು ಗೊತ್ತಿಲ್ಲ. ನೆಲದ ಮೇಲಿನ ಕಲೆ ದೊಡ್ಡದಾಗಿ ಕಂಡಿದ್ದರಿಂದ 600 ಮಿಲಿಲೀಟರ್ ಇರಬಹುದೆಂದು ಊಹಿಸಿ ಒಟ್ಟು 4.6 ಲೀಟರ್ ತುಂಬಿಬಿಟ್ಟೆ. ಮೊದಲು 3.8 ಲೀಟರ್ ಹಾಕಿ, ಡಿಪ್‌ಸ್ಟಿಕ್ ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಸೇರಿಸಬೇಕಾಗಿತ್ತು. ಸೇರಿಸುವುದು ಒಂದು ನಿಮಿಷದ ಕೆಲಸ, ತೆಗೆಯುವುದು ಹಾಗಲ್ಲ.

ಕಾರನ್ನು ನೆಲಕ್ಕಿಳಿಸಿ, ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿಕೊಂಡು ಗೇರಿನ ಕೋಲನ್ನು ಪಾರ್ಕ್‌ನಿಂದ ಎಲ್‌ವರೆಗೆ ಒಂದೊಂದು ಕಡೆಯೂ ಮೂರು ಸೆಕೆಂಡು ನಿಲ್ಲಿಸುತ್ತಾ ಹೋಗಿ, ಮತ್ತೆ ಪಾರ್ಕ್‌ಗೆ ತಂದೆ. ಸೋರಿಕೆ ಇರಲಿಲ್ಲ. 25 ನಿಮಿಷ ಓಡಿಸಿ ಬಂದು, ಪ್ಯಾನಿನ ಬಿಸಿಯನ್ನು ದೂರದಿಂದ ಅಳೆಯುವ ಥರ್ಮಾಮೀಟರಿನಲ್ಲಿ 74 ಡಿಗ್ರಿ ಸೆಲ್ಸಿಯಸ್ ಕಂಡ ಮೇಲೆ, ಎಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ತೆಗೆದೆ. ಈ ಕಾರಿನಲ್ಲಿ ಮಟ್ಟ ನೋಡುವುದು ಹಾಗೆಯೇ, ಆಯಿಲ್ 70ರಿಂದ 80 ಡಿಗ್ರಿ ಇರುವಾಗ, ಎಂಜಿನ್ ಚಾಲೂ ಇಟ್ಟು. ಕಡ್ಡಿಯ ಒಂದು ಮೈಯಲ್ಲಿ ಆಯಿಲ್ ಬಹಳ ಮೇಲಿನವರೆಗೆ ಕಂಡಿತು, ಇನ್ನೊಂದು ಮೈಯಲ್ಲಿ ಅದಕ್ಕಿಂತ ಕೆಳಗೆ. ಪಕ್ಕದಲ್ಲಿ ಟಾರ್ಚ್ ಹಿಡಿದಿದ್ದ ಹೆಂಡತಿ, "ರೀ, ಈಗತಾನೆ ಆ ಕೊಳವೆಯಿಂದಲೇ ಆಯಿಲ್ ಸುರಿದಿದ್ದೀರಲ್ಲ, ಕೊಳವೆಯ ಗೋಡೆಯೇ ಒದ್ದೆಯಾಗಿರಬೇಕು" ಎಂದಳು. ಅವಳ ಮಾತು ನಿಜ. ಕಡ್ಡಿಯನ್ನು ನಾಲ್ಕೈದು ಬಾರಿ ಒರೆಸಿ ಇಳಿಸಿ, ಎರಡು ಮೈಗಳಲ್ಲಿ ಕೆಳಗಿರುವುದನ್ನೇ ನಿಜವಾದ ಮಟ್ಟ ಎಂದು ತೆಗೆದುಕೊಂಡೆ. ಹಾಗೆ ನೋಡಿದರೂ 'ಹಾಟ್' ಗುರುತಿನ ಮೇಲಿನ ಗೆರೆಯನ್ನು ದಾಟಿತ್ತು.

ಹೆಚ್ಚಿಗೆ ತುಂಬಿದರೆ ಒಳಗೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಮಾಡುತ್ತವೆ. ಹಾಗೇ ಬಿಡುವಂತಿರಲಿಲ್ಲ. ಕೈಪಂಪಿಗೆ ಸಣ್ಣ ಕೊಳವೆ ಜೋಡಿಸಿ ಡಿಪ್‌ಸ್ಟಿಕ್ಕಿನ ದಾರಿಯಲ್ಲಿ ಇಳಿಸಿ, 100 ಮಿಲಿಲೀಟರ್ ತೆಗೆದು ನೋಡುವುದು, ಮತ್ತೆ ತೆಗೆಯುವುದು, ಹೀಗೆ ನಾಲ್ಕು ಬಾರಿ ಮಾಡಿ ಒಟ್ಟು 400 ಮಿಲಿಲೀಟರ್ ಹೊರತೆಗೆದೆ. ಮಟ್ಟ 'ಹಾಟ್' ಗುರುತಿನ ಎರಡು ಗೆರೆಗಳ ನಡುವೆ ನಿಂತಿತು. ಅಲ್ಲಿಗೆ ಅಂದು ಚೆಲ್ಲಿದ್ದು 200 ಮಿಲಿಲೀಟರ್ ಮಾತ್ರ ಎಂದು ಗೊತ್ತಾಯಿತು. ಅದೇ ಸಂಜೆ ಚಕ್ರಗಳಿಗೆ ನಿಂಬೆಹಣ್ಣು ಇಟ್ಟು ಕಾರನ್ನು ಹೊರಗೆ ತೆಗೆದೆವು.

ಅಕ್ಟೋಬರ್ 26 ಮತ್ತು ನವೆಂಬರ್ 9: ಎರಡನೆಯ, ಮೂರನೆಯ ಬದಲಾವಣೆ

ಗೇರ್‌ಬಾಕ್ಸಿನಲ್ಲಿ ಒಟ್ಟು ಎಂಟು ಲೀಟರಿನಷ್ಟು ಆಯಿಲ್ ಇರುತ್ತದೆ, ಅದರಲ್ಲಿ ದೊಡ್ಡ ಪಾಲು ಟಾರ್ಕ್ ಕನ್ವರ್ಟರಿನಲ್ಲಿ (ಎಂಜಿನ್ನಿನ ತಿರುಗುವಿಕೆಯನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಉಳಿದುಬಿಡುತ್ತದೆ. ಮೊದಲ ಬಾರಿಗೆ ಅರ್ಧದಷ್ಟು ಮಾತ್ರ ಬದಲಾಗಿತ್ತು. ಎರಡು ವಾರ ಕಾರು ಓಡಿಸಿ ಹಳೆಯದೂ ಹೊಸದೂ ಬೆರೆತ ಮೇಲೆ, ಡ್ರೈನ್ ಬೋಲ್ಟಿನಿಂದ ಮಾತ್ರ ಇಳಿಸಿದೆ. ಬಂದದ್ದು 3.3 ಲೀಟರ್, ತುಂಬಿದ್ದೂ ಅಷ್ಟೇ. ಮತ್ತೆ ಎರಡು ವಾರಕ್ಕೆ ಇನ್ನೊಮ್ಮೆ 3.3 ಲೀಟರ್. ಈಗ ಹಳೆಯ ಆಯಿಲ್ ಅಂದಾಜು ಆರರಲ್ಲಿ ಒಂದು ಪಾಲು ಉಳಿದಿದೆ. ಪ್ರತಿ ಬಾರಿಯೂ ಪ್ಯಾನು ಬಿಚ್ಚುವ ಅಗತ್ಯವಿಲ್ಲದ್ದರಿಂದ ಒಂದು ಗಂಟೆಯೊಳಗೆ ಮುಗಿಯಿತು. ಇಳಿಸಿದ ಆಯಿಲನ್ನೆಲ್ಲ ಕ್ಯಾನುಗಳಲ್ಲಿ ತುಂಬಿ, ಹಳೆಯ ಆಯಿಲ್ ಪಡೆಯುವ ಬಿಡಿಭಾಗಗಳ ಅಂಗಡಿಗೆ ಕೊಟ್ಟುಬಂದೆ.

ಖರ್ಚು: ಆಯಿಲ್ 105 ಡಾಲರ್, ಫಿಲ್ಟರ್ ಕಿಟ್ 24, ರಬ್ಬರ್ ಗ್ಯಾಸ್ಕೆಟ್ 19, ವಾಷರುಗಳು 6, ಬೋಲ್ಟುಗಳು 5, ಸಣ್ಣ ಟಾರ್ಕ್ ರೆಂಚ್ 38, ಅಲೆನ್ ಸಾಕೆಟ್ 7, ಆಲಿಕೆ 6, ಕೈಪಂಪು 9, ಬೆಕ್ಕಿನ ಮಣ್ಣು 5. ಒಟ್ಟು 224 ಡಾಲರ್. ಇದರಲ್ಲಿ ಉಪಕರಣಗಳ 60 ಡಾಲರ್ ಮುಂದಿನ ಬಾರಿಗೆ ಇರುವುದಿಲ್ಲ. ಕಿಟ್ಟಿನ ಕಾರ್ಕ್ ಗ್ಯಾಸ್ಕೆಟ್ಟಿನ ಬದಲು ಮೂಲ ಗ್ಯಾಸ್ಕೆಟ್ಟನ್ನು ಮೊದಲೇ ಕೊಂಡು, ಸಣ್ಣ ರೆಂಚನ್ನೂ ಮೊದಲೇ ತಂದಿದ್ದರೆ ಬೋಲ್ಟಿನ ಖರ್ಚೂ, ಆಯಿಲನ್ನು ಸ್ವಲ್ಪ ಸ್ವಲ್ಪವೇ ತುಂಬಿದ್ದರೆ ಕೈಪಂಪಿನ ಖರ್ಚೂ ಇರುತ್ತಿರಲಿಲ್ಲ.

ಒಂದರಿಂದ ಎರಡನೆಯ ಗೇರಿಗೆ ಬೀಳುವ ರೀತಿಯಲ್ಲಿ ನನಗೆ ಏನೂ ವ್ಯತ್ಯಾಸ ಕಂಡಿಲ್ಲ, ಮೊದಲೂ ಚೆನ್ನಾಗಿಯೇ ಇತ್ತು. ಬೆಳಗಿನ ಚಳಿಯಲ್ಲಿ ಡ್ರೈವ್‌ಗೆ ಹಾಕಿದಾಗ ಆಗುತ್ತಿದ್ದ ತಡ ಎರಡನೆಯ ಬದಲಾವಣೆಯ ನಂತರ ಕಡಿಮೆಯಾಯಿತು, ಮೂರನೆಯದರ ನಂತರ ಕಾಣುತ್ತಿಲ್ಲ. ನವೆಂಬರ್ 9ರ ರಾತ್ರಿ ಟಾರ್ಚ್ ಹಿಡಿದು ಪ್ಯಾನಿನ ಸುತ್ತ ನೋಡಿದೆ. 18 ಬಿಳಿ ಗೆರೆಗಳೂ ಎಳೆದ ಜಾಗದಲ್ಲೇ ಇವೆ, ಗ್ಯಾಸ್ಕೆಟ್ಟಿನ ಅಂಚು ಒಣಗಿದೆ. ಉಳಿದ 150 ಮಿಲಿಲೀಟರ್ ಆಯಿಲಿನ ಬಾಟಲಿಯ ಮೇಲೆ ದಿನಾಂಕ, ಮೈಲಿ ಮತ್ತು '69 ಪೌಂಡ್-ಅಂಗುಲ' ಎಂದು ಬರೆದು ಸಣ್ಣ ರೆಂಚಿನ ಪಕ್ಕದಲ್ಲಿ ಇಟ್ಟಿದ್ದೇನೆ.